ಸ್ಟೇಜ್ ಬರುವುದರೊಳಗೆ

ಹೋದ ತಿಂಗಳು ಕೆ.ಆರ್. ಮಾರ್ಕೆಟ್‌ನಿಂದ ಬನ್ನೇರುಘಟ್ಟದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಡಕ್ಟರ್ ಚಿಕ್ಕ ವಯಸ್ಸಿನ ಹುಡುಗ. ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು ಅವನನ್ನು ಕೇಳಿದರು, "ನಮಗೆ ಫ್ರೀ ಅಲ್ವಾ? ಮತ್ತೆ ಈ ಟಿಕೆಟ್ ಯಾಕಪ್ಪ, ಸುಮ್ನೆ ಪೇಪರ್ ದಂಡ." ಅವನು ಉತ್ತರ ಕೊಡಲಿಲ್ಲ. ಹಿಂದೆ ಇನ್ನೂ ಹತ್ತು ಜನ ಬಾಕಿ ಇದ್ದರು, ಮುಂದಿನ ಸ್ಟೇಜ್, ಅಂದರೆ ಟಿಕೆಟ್ ದರ ಏರುವ ಗಡಿ, ಹತ್ತಿರ ಬಂದಿತ್ತು. ಟಿಕೆಟ್ ಅವರ ಕೈಗೆ ಕೊಟ್ಟು ಹಿಂದಕ್ಕೆ ಓಡಿದ.

2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಪ್ರಶ್ನೆಯನ್ನು ನಾನು ಎಷ್ಟೋ ಬಸ್ಸಿನಲ್ಲಿ ಕೇಳಿದ್ದೇನೆ. ಕೇಳುವವರ ತಪ್ಪಲ್ಲ. ಟಿಕೆಟ್ ಅಂದರೆ ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಅಂತಲೇ ಎಲ್ಲರೂ ತಿಳಿದಿದ್ದಾರೆ. ಕಂಡಕ್ಟರ್‌ಗೆ ಮಾತ್ರ ಅದು ರಸೀದಿಗಿಂತ ಜಾಸ್ತಿ. ಅದು ಎಣಿಕೆ. ಬಸ್ಸಿನಲ್ಲಿ ಯಾರು ಯಾರು ಇದ್ದಾರೆ, ಎಲ್ಲಿ ಹತ್ತಿದರು, ಎಲ್ಲಿಯವರೆಗೆ ಹೋಗುತ್ತಾರೆ ಅನ್ನುವುದರ ಲೆಕ್ಕ. ಆ ಲೆಕ್ಕದ ಮೇಲೆಯೇ ಸರ್ಕಾರ ಈಗ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ನಾಳೆ ಆ ರೂಟಿಗೆ ಇನ್ನೊಂದು ಬಸ್ ಬೇಕಾ ಬೇಡವಾ ಅನ್ನುವುದಕ್ಕೂ ಅದೇ ಆಧಾರ. ಬಸ್ಸಿಗೆ ಏನಾದರೂ ಅಪಾಯ ಆದರೆ ಆ ಮನುಷ್ಯ ಅದರಲ್ಲಿ ಇದ್ದ ಅನ್ನುವುದಕ್ಕೆ ಸಾಕ್ಷಿಯೂ ಅದೇ ಚೀಟಿ.

ಅವತ್ತು ಆ ಹುಡುಗ ಹಿಂದಕ್ಕೆ ಓಡಿದ್ದು ನೋಡಿ ನನಗೆ ನಾನು ಕಂಡಕ್ಟರ್ ಆಗಿದ್ದ ಕಾಲ ನೆನಪಾಯಿತು. ನಮ್ಮ ಕೆಲಸ ಹೇಗೆ ನಡೆಯುತ್ತಿತ್ತು, ಕಂಡಕ್ಟರ್ ಯಾಕೆ ಹಾಗೆ ಕೂಗುತ್ತಾನೆ, ಬಸ್ ಯಾಕೆ ಸ್ಟಾಪಿಗಿಂತ ಹಿಂದೆಯೇ ನಿಲ್ಲುತ್ತಿತ್ತು, ಎರಡು ಬಸ್ ಯಾಕೆ ಒಟ್ಟಿಗೆ ಬರುತ್ತವೆ, ಇದನ್ನೆಲ್ಲ ಒಮ್ಮೆ ಬಿಡಿಸಿ ಹೇಳಬೇಕು ಅನ್ನಿಸಿತು.

ನಾನು 1979ರಲ್ಲಿ ಕಂಡಕ್ಟರ್ ಆಗಿ ಸೇರಿದೆ. ಆಗ ಅದು ಬಿಟಿಎಸ್, ಬೆಂಗಳೂರು ಸಾರಿಗೆ ಸೇವೆ. ಬೆಂಗಳೂರಿನ ಸಿಟಿ ಬಸ್ಸಿನ ಕಥೆ 1940ರ ಖಾಸಗಿ ಕಂಪನಿಯಿಂದ ಶುರುವಾಗುತ್ತದೆ. 1956ರಲ್ಲಿ ಅದು ಸರ್ಕಾರದ ಕೈಗೆ ಬಂತು. ನಾನು ಸೇರುವ ಹೊತ್ತಿಗೆ ಬಿಟಿಎಸ್ ಅನ್ನುವುದು ಕೆಎಸ್‌ಆರ್‌ಟಿಸಿಯ ಒಂದು ಭಾಗ. ಬಿಎಂಟಿಸಿ ಅನ್ನುವ ಹೆಸರು ಬಂದದ್ದು 1997ರ ಆಗಸ್ಟ್ 15ಕ್ಕೆ. ಬಿಟಿಎಸ್ ಕಂಡಕ್ಟರ್ ಅಂದ ತಕ್ಷಣ ಜನ ರಜನೀಕಾಂತ್ ಬಗ್ಗೆ ಕೇಳುತ್ತಾರೆ. ಅವರು ನಾನು ಸೇರುವುದಕ್ಕೆ ಎಷ್ಟೋ ಮೊದಲೇ ಮದ್ರಾಸಿಗೆ ಹೋಗಿಯಾಗಿತ್ತು.

ನನಗೆ ಬಿದ್ದದ್ದು ಹೆಚ್ಚಾಗಿ ಹೊರವಲಯದ ರೂಟುಗಳು. ಬನ್ನೇರುಘಟ್ಟ, ಆನೇಕಲ್, ಸರ್ಜಾಪುರ, ವೈಟ್‌ಫೀಲ್ಡ್ ಕಡೆ. ಈಗ ಇವುಗಳವರೆಗೂ ಊರು ಬೆಳೆದು ಬಂದಿದೆ. ಆಗ ಜಯನಗರ ದಾಟಿದರೆ ರಾಗಿ ಹೊಲ, ನೀಲಗಿರಿ ತೋಪು, ದ್ರಾಕ್ಷಿ ತೋಟ. ಸ್ಟಾಪಿಗೆ ಬೋರ್ಡ್ ಇರಲಿಲ್ಲ. ಆಲದ ಮರ ಸ್ಟಾಪ್, ಬಾವಿ ಸ್ಟಾಪ್, ಇಟ್ಟಿಗೆ ಗೂಡು ಸ್ಟಾಪ್. ಹೊಸದಾಗಿ ಬಂದ ಕಂಡಕ್ಟರ್ ಮೊದಲು ಕಲಿಯಬೇಕಾದದ್ದು ಈ ಹೆಸರುಗಳನ್ನೇ.

ಟಿಕೆಟ್ ಟ್ರೇ ಬಗ್ಗೆ ಹೇಳುತ್ತೇನೆ. ಇವತ್ತಿನವರು ಅದನ್ನು ನೋಡಿಲ್ಲ. ಒಂದು ಅಂಗೈ ಅಗಲದ ತಟ್ಟೆ. ಅದರಲ್ಲಿ ಸಾಲಾಗಿ ಟಿಕೆಟ್ ಬ್ಲಾಕುಗಳು. ಒಂದೊಂದು ಬೆಲೆಗೆ ಒಂದೊಂದು ಬಣ್ಣ. ಪ್ರತಿ ಟಿಕೆಟ್ ಮೇಲೂ ಕ್ರಮಸಂಖ್ಯೆ. ಕಾಗದ ಎಷ್ಟು ತೆಳು ಅಂದರೆ ಕಿಟಕಿಯಿಂದ ಗಾಳಿ ಬೀಸಿದರೆ ಇಡೀ ಬ್ಲಾಕ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಎಡಗೈ ಹೆಬ್ಬೆರಳು ಯಾವಾಗಲೂ ಅದರ ಮೇಲೆಯೇ ಇರಬೇಕು. ಬಲಗೈಯಲ್ಲಿ ಟಿಕೆಟ್‌ಗೆ ತೂತು ಹೊಡೆಯುವ ಪಂಚ್. ಹೆಗಲಿಗೆ ಚರ್ಮದ ಚೀಲ. ಬೆರಳ ಸಂದಿಗಳಲ್ಲಿ ಉದ್ದಕ್ಕೆ ಮಡಚಿದ ನೋಟು. ಒಂದು ರೂಪಾಯಿ ನೋಟಿಗೆ ಒಂದು ಸಂದಿ, ಎರಡಕ್ಕೆ ಒಂದು, ಐದಕ್ಕೆ ಒಂದು. ಇಷ್ಟು ಹೊತ್ತುಕೊಂಡು, ಕಂಬಕ್ಕೆ ಸೊಂಟ ಆನಿಸಿ, ಓಡುವ ಬಸ್ಸಿನಲ್ಲಿ ನಿಲ್ಲಬೇಕು. ಹಿಡಿದುಕೊಳ್ಳುವುದಕ್ಕೆ ಕೈ ಇಲ್ಲ. ತಿರುವು ಎಲ್ಲಿ ಬರುತ್ತದೆ ಅಂತ ಕಾಲಿಗೇ ಗೊತ್ತಿರಬೇಕು.

ಲೆಕ್ಕ ನಡೆಯುತ್ತಿದ್ದದ್ದು ವೇಬಿಲ್‌ನಲ್ಲಿ, ಅಂದರೆ ಟ್ರಿಪ್ಪಿನ ಲೆಕ್ಕ ಬರೆಯುವ ಹಾಳೆಯಲ್ಲಿ. ಟ್ರಿಪ್ ಶುರುವಾಗುವಾಗ ಪ್ರತಿ ಬ್ಲಾಕಿನ ಮೇಲಿನ ನಂಬರ್ ಬರೆದುಕೊಳ್ಳಬೇಕು. ಎಂಟಾಣೆ ಬ್ಲಾಕು 4215ರಲ್ಲಿ ಇದೆ ಅಂದುಕೊಳ್ಳಿ. ಟ್ರಿಪ್ ಮುಗಿದಾಗ ಅದು 4263ಕ್ಕೆ ಬಂದಿದೆ. ಅಂದರೆ 48 ಟಿಕೆಟ್ ಹೋಗಿದೆ, 24 ರೂಪಾಯಿ ಬಂದಿರಬೇಕು. ಒಂದು ರೂಪಾಯಿ ಬ್ಲಾಕು 871ರಿಂದ 902ಕ್ಕೆ ಬಂದಿದ್ದರೆ ಅದು 31 ರೂಪಾಯಿ. ಎಲ್ಲ ಕೂಡಿ ಚೀಲದಲ್ಲಿರುವ ದುಡ್ಡಿಗೆ ತಾಳೆ ಆಗಬೇಕು. ಕಡಿಮೆ ಆದರೆ ನಮ್ಮ ಕೈಯಿಂದ ಕಟ್ಟಬೇಕು. ಜಾಸ್ತಿ ಆದರೂ ಕಷ್ಟವೇ. ಯಾರಿಗೋ ಟಿಕೆಟ್ ಕೊಡದೆ ದುಡ್ಡು ತೆಗೆದುಕೊಂಡಿದ್ದೀಯ ಅಂತ ಅರ್ಥ. ಅದಕ್ಕೆ ನಮ್ಮ ಸ್ವಂತ ದುಡ್ಡು ಎಷ್ಟಿದೆ ಅಂತ ಡ್ಯೂಟಿ ಹತ್ತುವ ಮೊದಲೇ ಬರೆದಿಡುತ್ತಿದ್ದೆವು.

ಇನ್ನು ಸ್ಟೇಜ್. ರೂಟನ್ನು ಸುಮಾರು 2 ಕಿಲೋಮೀಟರ್‌ಗೆ ಒಂದರಂತೆ ತುಂಡು ಮಾಡಿರುತ್ತಾರೆ. ಒಂದೊಂದು ತುಂಡೂ ಒಂದು ಸ್ಟೇಜ್. ದರ ಏರುವುದು ಸ್ಟೇಜ್ ಲೆಕ್ಕದಲ್ಲಿ, ಸ್ಟಾಪ್ ಲೆಕ್ಕದಲ್ಲಿ ಅಲ್ಲ. ಬಸ್ ಒಂದು ಸ್ಟೇಜ್ ದಾಟುವ ಮೊದಲು ಅಲ್ಲಿಯವರೆಗೆ ಹತ್ತಿದ ಎಲ್ಲರಿಗೂ ಟಿಕೆಟ್ ಆಗಿರಬೇಕು. ಆಮೇಲೆ ನಂಬರುಗಳನ್ನು ವೇಬಿಲ್‌ನಲ್ಲಿ ಬರೆದು ಮುಚ್ಚಬೇಕು. ಇದಕ್ಕೆ ನಾವು 'ಸ್ಟೇಜ್ ಕ್ಲೋಸ್' ಅನ್ನುತ್ತಿದ್ದೆವು. ಚೆಕಿಂಗ್‌ನವರು ಹತ್ತಿದರೆ ಮೊದಲು ಕೇಳುವುದು ವೇಬಿಲ್. ಅಲ್ಲಿ ಬರೆದಿರುವ ನಂಬರ್, ಟ್ರೇಯಲ್ಲಿರುವ ನಂಬರ್, ಜನರ ಕೈಯಲ್ಲಿರುವ ಟಿಕೆಟ್‌ನ ತೂತು, ಮೂರೂ ಒಂದೇ ಕಥೆ ಹೇಳಬೇಕು.

ಈಗ ಯೋಚನೆ ಮಾಡಿ. ಬೆಳಗ್ಗೆ ಎಂಟೂವರೆ. 50 ಸೀಟಿನ ಆಸುಪಾಸಿನ ಬಸ್ಸಿನಲ್ಲಿ 100 ಜನ. ಎರಡು ಕಿಲೋಮೀಟರ್ ಅಂದರೆ ಐದಾರು ನಿಮಿಷ. ಅಷ್ಟರಲ್ಲಿ ಹೊಸದಾಗಿ ಹತ್ತಿದ 30 ಜನಕ್ಕೆ ಟಿಕೆಟ್ ಆಗಬೇಕು. ಒಬ್ಬರಿಗೆ ಹತ್ತು ಸೆಕೆಂಡು. ಅದರಲ್ಲಿ ಅವರು ಎಲ್ಲಿಗೆ ಅಂತ ಹೇಳಬೇಕು, ದುಡ್ಡು ಹುಡುಕಬೇಕು, ನಾವು ಟಿಕೆಟ್ ಹರಿಯಬೇಕು, ತೂತು ಹೊಡೆಯಬೇಕು, ಚಿಲ್ಲರೆ ಕೊಡಬೇಕು. ಆಗದೇ ಇದ್ದರೆ? ಸ್ಟೇಜಿಗಿಂತ ಸ್ವಲ್ಪ ಮೊದಲೇ 'ಹೋಲ್ಡಾನ್' ಅಂತ ಕೂಗಿ ಬಸ್ ನಿಲ್ಲಿಸುತ್ತಿದ್ದೆವು. ಎಲ್ಲರಿಗೂ ಟಿಕೆಟ್ ಆದ ಮೇಲೆಯೇ 'ರೈಟ್'. ಆ ಎರಡು ನಿಮಿಷ ಜನ ನಮ್ಮನ್ನು ಬೈಯುತ್ತಿದ್ದರು. ಆಫೀಸಿಗೆ ಲೇಟ್ ಆಗುತ್ತದೆ, ಈ ಕಂಡಕ್ಟರ್‌ಗೆ ಅಹಂಕಾರ ಅಂತ. ಕೋಪ ಅಲ್ಲ, ಅಹಂಕಾರವೂ ಅಲ್ಲ. ಸ್ಟೇಜ್ ಕ್ಲೋಸ್ ಆಗಿರಲಿಲ್ಲ, ಅಷ್ಟೆ. 'ಟಿಕೆಟ್ ಟಿಕೆಟ್', 'ಒಳಗೆ ಹೋಗ್ರಿ' ಅಂತ ನಾವು ಕೂಗುತ್ತಿದ್ದದ್ದೂ ಅದಕ್ಕೇ. ಒಳಗೆ ಜಾಗ ಆದರೆ ಮಾತ್ರ ಕಂಡಕ್ಟರ್ ಮುಂದಿನವರೆಗೆ ಹೋಗಿ ಬರಬಹುದು.

ಮುಂದೆ ಹೆಂಗಸರು, ಹಿಂದೆ ಗಂಡಸರು. ತುಂಬಿದ ಬಸ್ಸಿನಲ್ಲಿ ನಾನು ಹಿಂದಿನ ಬಾಗಿಲ ಹತ್ತಿರ ಸಿಕ್ಕಿಕೊಂಡರೆ ಮುಂದಿನವರ ದುಡ್ಡು ಕೈಯಿಂದ ಕೈಗೆ ಬರುತ್ತಿತ್ತು. "ಎರಡು ಮಾರ್ಕೆಟ್", "ಒಂದು ಡೈರಿ" ಅಂತ ಕೂಗು ಕೂಡ ಅದರ ಜೊತೆಗೇ ದಾಟಿ ಬರುತ್ತಿತ್ತು. ಹತ್ತು ರೂಪಾಯಿ ನೋಟು ಏಳೆಂಟು ಜನರ ಕೈ ದಾಟಿ ನನ್ನ ಹತ್ತಿರ ಬರುವುದು, ಟಿಕೆಟ್ ಮತ್ತು ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಹೋಗುವುದು. ಆಗಿನ ದಿನಕ್ಕೆ ಹತ್ತು ರೂಪಾಯಿ ಸಣ್ಣದಲ್ಲ. ಅಷ್ಟು ವರ್ಷದಲ್ಲಿ ಹಾಗೆ ದಾಟಿಸಿದ ದುಡ್ಡು ನಡುವೆ ಕಳೆದುಹೋಯಿತು ಅಂತ ಒಬ್ಬರೂ ನನ್ನ ಹತ್ತಿರ ದೂರು ತರಲಿಲ್ಲ. ಇದನ್ನು ನಾನು ಯಾವಾಗಲೂ ಹೆಮ್ಮೆಯಿಂದ ಹೇಳುತ್ತೇನೆ.

ಸೇರಿದ ಮೊದಲ ವರ್ಷ ನನಗೊಂದು ಮೆಮೊ ಸಿಕ್ಕಿತು. ಸಂಜೆ ಟ್ರಿಪ್. ಕತ್ತಲಾಗಿತ್ತು. ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. ನಾನು ಬಸ್ಸಿನಲ್ಲಿದ್ದ ತಲೆ ಎಣಿಸಿದೆ, ಹರಿದ ಟಿಕೆಟ್ ಎಣಿಸಿದೆ. ಎರಡೂ ಹನ್ನೊಂದು. ಸರಿ ಅಂತ ಸ್ಟೇಜ್ ಕ್ಲೋಸ್ ಮಾಡಿದೆ. ಒಬ್ಬರು ಎರಡು ಟಿಕೆಟ್ ತೆಗೆದುಕೊಂಡು, ಜೊತೆಯವರನ್ನು ಹಿಂದಿನ ಸ್ಟಾಪಿನಲ್ಲೇ ಇಳಿಸಿದ್ದು ನನಗೆ ಗೊತ್ತಾಗಲಿಲ್ಲ. ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತಿದರು. ಮುದುಕನ ಹತ್ತಿರ ಹೋಗಿ ಟಿಕೆಟ್ ಕೇಳಿದರು. ಅವನು ಕಂಬಳಿಯೊಳಗಿಂದ ಕೈ ಹೊರಗೆ ತೆಗೆದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಸರಿಯಾದ ಚಿಲ್ಲರೆ. ಬೆವರಿಗೆ ಅಂಟಿಕೊಂಡಿತ್ತು. "ಸ್ವಾಮಿ ಬಂದು ಕೇಳ್ತಾರೆ ಅಂತ ಕಾಯ್ತಾ ಇದ್ದೆ" ಅಂದ.

ತಪ್ಪು ಪೂರ್ತಿ ನನ್ನದೇ. ಇನ್‌ಸ್ಪೆಕ್ಟರ್ ಮೆಮೊ ಬರೆದರು. ಇಳಿಯುವಾಗ ನನ್ನ ಕಡೆ ತಿರುಗಿ, "ತಲೆ ಎಣಿಸಬೇಡ, ಮುಖ ನೋಡು" ಅಂದರು.

ಆ ಮಾತು ನನಗೆ ಕೆಲಸ ಕಲಿಸಿತು. ಅವತ್ತಿನಿಂದ ಎಣಿಸುವುದನ್ನು ಎರಡನೆಯದಾಗಿ ಇಟ್ಟುಕೊಂಡೆ. ಬಸ್ ಸ್ಟಾಪಿಗೆ ಬರುವಾಗಲೇ ಕಿಟಕಿಯಿಂದ ನೋಡಬೇಕು, ಯಾರು ಕಾಯುತ್ತಿದ್ದಾರೆ ಅಂತ. ಒಬ್ಬೊಬ್ಬರಿಗೂ ಒಂದು ಗುರುತು ಹಾಕಿಕೊಳ್ಳಬೇಕು. ಹಸಿರು ಸ್ವೆಟರ್, ತಾಮ್ರದ ಕೊಡ, ಟಿಫಿನ್ ಕ್ಯಾರಿಯರ್, ಕನ್ನಡಕದ ಮೇಷ್ಟ್ರು. ಬಸ್ ಹೊರಟ ಮೇಲೆ ಆ ಗುರುತುಗಳನ್ನು ಒಂದೊಂದಾಗಿ ತೀರಿಸುತ್ತಾ ಹೋಗಬೇಕು. ಟಿಕೆಟ್ ಆದ ಮುಖ ಮನಸ್ಸಿನಿಂದ ಇಳಿಯುತ್ತದೆ, ಆಗದ ಮುಖ ಚುಚ್ಚುತ್ತಾ ಇರುತ್ತದೆ. ಹತ್ತಿರದಲ್ಲೇ ಇಳಿಯುವವರನ್ನು ಮೊದಲು ಕೇಳಬೇಕು. ಮೂಲೆಯಲ್ಲಿ ಕೂತವರನ್ನು, ನಿದ್ದೆ ಮಾಡುವವರನ್ನು, ಮುಖ ಹೊರಗೆ ಹಾಕಿದವರನ್ನು ಬಿಡಬಾರದು. ಅವರೆಲ್ಲ ಕಳ್ಳರು ಅಂತಲ್ಲ. ಆ ಮುದುಕನ ಹಾಗೆ ದುಡ್ಡು ಹಿಡಿದುಕೊಂಡು ಕಾಯುತ್ತಿರಬಹುದು.

ಚಿಲ್ಲರೆಯದ್ದು ಇನ್ನೊಂದು ವಿದ್ಯೆ. ಬಸ್ಸೊಳಗಿನ ಬಲ್ಬು ಮಂಕು. ರಾತ್ರಿ ಟ್ರಿಪ್ಪಿನಲ್ಲಿ ನಾಣ್ಯವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳಿನಿಂದ ನೋಡುತ್ತಿದ್ದೆವು. ಐದು ಪೈಸೆ ಚೌಕ. ಹತ್ತು ಪೈಸೆಗೆ ಹೂವಿನ ಹಾಗೆ ಅಂಚು. 1982ರಲ್ಲಿ ಹೊಸ ಇಪ್ಪತ್ತು ಪೈಸೆ ಬಂತು, ಅದಕ್ಕೆ ಆರು ಮೂಲೆ. ಇವೆಲ್ಲ ಅಲ್ಯೂಮಿನಿಯಂ, ತೂಕವೇ ಇಲ್ಲ. ನಾಲ್ಕಾಣೆ, ಎಂಟಾಣೆ ಗುಂಡಗೆ, ಕೈಗೆ ತಣ್ಣಗೆ ಭಾರವಾಗಿ ಸಿಗುತ್ತಿದ್ದವು. ಚೀಲಕ್ಕೆ ಕೈ ಹಾಕಿ, ಮುಖ ಪ್ರಯಾಣಿಕರ ಕಡೆ ಇಟ್ಟುಕೊಂಡೇ, ಮೂವತ್ತೈದು ಪೈಸೆ ತೆಗೆದು ಕೊಡಬಹುದಾಗಿತ್ತು. 2011ರಲ್ಲಿ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಅವತ್ತು ಮನೆಯ ಡಬ್ಬಿಯಲ್ಲಿದ್ದವನ್ನು ತೆಗೆದು ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ಬೆರಳು ಮರೆತಿರಲಿಲ್ಲ.

ಚಿಲ್ಲರೆ ಇಲ್ಲದಿದ್ದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಿದ್ದೆವು. ಇದು ಬೆಂಗಳೂರಿನವರಿಗೆಲ್ಲ ಗೊತ್ತು. ಇಳಿಯುವಾಗ ಕೇಳಿ ತೆಗೆದುಕೊಳ್ಳಬೇಕು. ಎಷ್ಟೋ ಜನ ಮರೆತು ಇಳಿದುಬಿಡುತ್ತಾರೆ. ಹೊರವಲಯದ ರೂಟಿನಲ್ಲಿ ಒಂದು ಅನುಕೂಲ ಇತ್ತು. ನಾಳೆಯೂ ಅದೇ ಜನ. ಯಾರಿಗೆ ಎಷ್ಟು ಕೊಡಬೇಕು ಅಂತ ಮುಖದ ಜೊತೆಗೇ ನೆನಪಿರುತ್ತಿತ್ತು. ಬೆಳಗ್ಗೆ ಹತ್ತುತ್ತಿದ್ದ ಹಾಗೆ, "ನಿನ್ನೆದು ನಾಲ್ಕಾಣೆ" ಅಂತ ಕೈಗೆ ಇಟ್ಟರೆ ಅವರ ಮುಖ ನೋಡಬೇಕಿತ್ತು. ಮಾರನೆಯ ದಿನದಿಂದ ಅವರೂ ಚಿಲ್ಲರೆ ರೆಡಿ ಇಟ್ಟುಕೊಂಡು ಬರುತ್ತಿದ್ದರು.

ಹೊರವಲಯದ ಕೆಲಸದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ನೈಟ್ ಹಾಲ್ಟ್. ಅದು ಯಾಕಿದೆ ಅಂತ ಜನಕ್ಕೆ ಗೊತ್ತಿಲ್ಲ. ಬಸ್ ಡಿಪೋದಿಂದ ಖಾಲಿ ಓಡಿದರೆ ಡೀಸೆಲ್ ಖರ್ಚಾಗುತ್ತದೆ, ಒಂದು ಪೈಸೆ ಬರುವುದಿಲ್ಲ. ಇದಕ್ಕೆ ಡೆಡ್ ಕಿಲೋಮೀಟರ್ ಅಂತ ಹೆಸರು. ಬೆಳಗ್ಗೆ ನಾಲ್ಕೂವರೆಗೆ 30 ಕಿಲೋಮೀಟರ್ ಆಚೆಯ ಹಳ್ಳಿಯಿಂದ ಮೊದಲ ಬಸ್ ಬಿಡಬೇಕು ಅಂದರೆ, ಅದು ಮೂರೂವರೆಗೇ ಡಿಪೋದಿಂದ ಖಾಲಿ ಹೊರಡಬೇಕು. ರಾತ್ರಿ ಕೊನೆ ಟ್ರಿಪ್ ಬಿಟ್ಟು ಬರುವಾಗಲೂ ಖಾಲಿ. ಎರಡೂ ಕಡೆ ದಂಡ. ಅದರ ಬದಲು ಬಸ್ಸು ಆ ಹಳ್ಳಿಯಲ್ಲೇ ಮಲಗುತ್ತದೆ, ಜೊತೆಗೆ ಡ್ರೈವರ್, ಕಂಡಕ್ಟರ್ ಕೂಡ.

ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಎರಡು ವರ್ಷ ವಾರಕ್ಕೆ ಮೂರು ರಾತ್ರಿ ಹೀಗೆ ಕಳೆದಿದ್ದೇನೆ. ಒಂಬತ್ತೂವರೆಗೆ ಬಸ್ ಅರಳಿಕಟ್ಟೆ ಹತ್ತಿರ ನಿಲ್ಲುತ್ತಿತ್ತು. ಕಟ್ಟೆಯ ಎದುರಿನ ಮನೆಯಿಂದ ಮುದ್ದೆ, ಹುರುಳಿ ಸಾರು ಬರುತ್ತಿತ್ತು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಪೇಟೆಯಿಂದ ಔಷಧಿಯೋ, ಸೈಕಲ್ ಟ್ಯೂಬೋ ತಂದುಕೊಡಿ ಅನ್ನುತ್ತಿದ್ದರು. ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ, ನಾನು ಇಬ್ಬರು ಕೂರುವ ಸೀಟಿನಲ್ಲಿ ಕಾಲು ಮಡಚಿಕೊಂಡು. ತಲೆ ಕೆಳಗೆ ದಿಂಬಿನ ಬದಲು ದುಡ್ಡಿನ ಚೀಲ. ದಿನದ ಕಲೆಕ್ಷನ್ ಮಾರನೆಯ ದಿನ ಡಿಪೋಗೆ ಹೋಗಿ ಕಟ್ಟುವವರೆಗೆ ಅದು ನನ್ನ ಜವಾಬ್ದಾರಿ. ಮಗ್ಗುಲು ಬದಲಿಸಿದರೆ ನಾಣ್ಯ ಸದ್ದು ಮಾಡುತ್ತಿತ್ತು. ಆ ಸದ್ದಿಗೇ ಎಚ್ಚರ ಆಗುತ್ತಿತ್ತು. ಡಿಸೆಂಬರ್‌ನಲ್ಲಿ ಚಳಿಗೆ ತಗಡು ಎಲ್ಲ ಮಂಜುಗಟ್ಟಿದ ಹಾಗೆ ತಣ್ಣಗಿರುತ್ತಿತ್ತು.

ನಾಲ್ಕು ಗಂಟೆಗೆ ಬುಟ್ಟಿಗಳು ಬರಲು ಶುರು. ಮೊದಲು ಲಾಟೀನು ಕಾಣುತ್ತದೆ, ಆಮೇಲೆ ಮಾತು ಕೇಳುತ್ತದೆ. ಕನಕಾಂಬರ, ಸೇವಂತಿಗೆ, ಸ್ವಲ್ಪ ಮಲ್ಲಿಗೆ. ಕನಕಾಂಬರಕ್ಕೆ ವಾಸನೆ ಇಲ್ಲ. ಆದರೂ ಒದ್ದೆ ಬಟ್ಟೆ ಸುತ್ತಿದ ಆ ಬುಟ್ಟಿಗಳನ್ನು ಒಳಗೆ ಇಟ್ಟ ಕೂಡಲೇ ಬಸ್ಸಿನ ಡೀಸೆಲ್ ನಾತ ಹೋಗಿ ಹಸಿ ಎಲೆ, ಹಸಿ ಮಣ್ಣಿನ ವಾಸನೆ ತುಂಬಿಕೊಳ್ಳುತ್ತಿತ್ತು. ಹೆಂಗಸರು ಡ್ರೈವರ್ ಪಕ್ಕದ ಬಾನೆಟ್ ಸುತ್ತ ಕೂರುತ್ತಿದ್ದರು. ಆಗಿನ ಲೇಲ್ಯಾಂಡ್, ಟಾಟಾ ಬಸ್ಸುಗಳಲ್ಲಿ ಎಂಜಿನ್ ಮುಂದೆ, ಡ್ರೈವರ್ ಪಕ್ಕದಲ್ಲೇ. ಬೆಳಗಿನ ಚಳಿಯಲ್ಲಿ ಅದು ಒಲೆ ಇದ್ದ ಹಾಗೆ. ಏಪ್ರಿಲ್ ಮಧ್ಯಾಹ್ನ ಅದೇ ಬಾನೆಟ್ ಪಕ್ಕ ಎಂಟು ಗಂಟೆ ಕೂರುವುದು ಡ್ರೈವರ್‌ಗೆ ಶಿಕ್ಷೆ. ಪವರ್ ಸ್ಟೀರಿಂಗ್ ಇರಲಿಲ್ಲ. ನನ್ನ ಜೊತೆಯ ಡ್ರೈವರ್‌ನ ಎಡಗಾಲಿನ ಚರ್ಮ ಮಂಡಿಯಿಂದ ಕೆಳಗೆ ಕಪ್ಪಾಗಿತ್ತು, ಆ ಶಾಖಕ್ಕೆ. ಬಲ ಹೆಗಲು ಎಡಕ್ಕಿಂತ ಎದ್ದು ಕಾಣುತ್ತಿತ್ತು, ಸ್ಟೀರಿಂಗ್ ಎಳೆದೂ ಎಳೆದೂ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೂವಿನ ಬುಟ್ಟಿ ಇದ್ದ ದಿನ ಅವನು ಗುಂಡಿ ಬಂದರೆ ಗಾಡಿಯನ್ನು ಮಗು ಎತ್ತಿಕೊಂಡ ಹಾಗೆ ದಾಟಿಸುತ್ತಿದ್ದ.

ಮಾರ್ಕೆಟ್‌ಗೆ ಬೇಗ ತಲುಪುವುದು ಯಾಕೆ ಅಷ್ಟು ಮುಖ್ಯ ಅಂದರೆ, ಹೂವಿನ ಬೆಲೆ ಕತ್ತಲಲ್ಲಿ ಏರುತ್ತದೆ, ಬಿಸಿಲಲ್ಲಿ ಇಳಿಯುತ್ತದೆ. ಮಾಲೆ ಕಟ್ಟುವವರು, ಗುಡಿಯವರು, ಬೀದಿಯಲ್ಲಿ ಮಾರುವವರು ಎಲ್ಲ ನಸುಕಿನಲ್ಲೇ ಬಂದು ಕೊಂಡು ಹೋಗುತ್ತಾರೆ. ಆಮೇಲೆ ಉಳಿದದ್ದು ಬಂದಷ್ಟಕ್ಕೆ. ಅರ್ಧ ಗಂಟೆ ತಡವಾದರೆ ಒಂದು ಮನೆಯ ಒಂದು ದಿನದ ದುಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಬುಟ್ಟಿಗೆ ಲಗೇಜ್ ಟಿಕೆಟ್ ಹರಿಯುವುದು ನನ್ನ ಕೆಲಸ, ಹರಿಯುತ್ತಿದ್ದೆ. ಆದರೆ ಆ ಟ್ರಿಪ್ಪಿನಲ್ಲಿ ಸ್ಟೇಜಿಗೋಸ್ಕರ ಬಸ್ ನಿಲ್ಲಿಸಿದ್ದು ನೆನಪಿಲ್ಲ. ಹೊರಡುವ ಮೊದಲೇ ಅರಳಿಕಟ್ಟೆ ಹತ್ತಿರ ಎಲ್ಲರಿಗೂ ಟಿಕೆಟ್ ಮುಗಿಸುತ್ತಿದ್ದೆ. ದಾರಿಯಲ್ಲಿ ಹತ್ತುವವರು ಚಿಲ್ಲರೆ ಕೈಯಲ್ಲೇ ಹಿಡಿದಿರುತ್ತಿದ್ದರು. ಯಾರು ಎಲ್ಲಿ ಹತ್ತುತ್ತಾರೆ, ಇವತ್ತು ಯಾರು ಬಂದಿಲ್ಲ, ಎಲ್ಲ ಗೊತ್ತು. ಒಬ್ಬರು ಕಾಣದಿದ್ದರೆ ಅರ್ಧ ನಿಮಿಷ ಕಾಯುತ್ತಿದ್ದೆವು. ಹೊಲದ ಬದುವಿನಲ್ಲಿ ಲಾಟೀನು ಓಡಿ ಬರುವುದು ಕಂಡರೆ ಇನ್ನರ್ಧ ನಿಮಿಷ.

ವರ್ಷಗಳು ಕಳೆದ ಮೇಲೆ ನಾನು ಟಿಸಿ ಆದೆ, ಟ್ರಾಫಿಕ್ ಕಂಟ್ರೋಲರ್. ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತು ಬಸ್ ಬಂದ ಟೈಮ್, ಹೋದ ಟೈಮ್ ಬರೆಯುವವನು. ಜನ ಅಲ್ಲಿಗೆ ಬಂದು ಜಗಳ ಆಡುತ್ತಿದ್ದದ್ದು ಒಂದೇ ವಿಷಯಕ್ಕೆ. "ಮುಕ್ಕಾಲು ಗಂಟೆ ಒಂದೂ ಇಲ್ಲ, ಬಂದರೆ ಎರಡು ಒಟ್ಟಿಗೆ ಬರ್ತವೆ." ಬೇಕಂತ ಯಾರೂ ಹಾಗೆ ಮಾಡುವುದಿಲ್ಲ. 20 ನಿಮಿಷಕ್ಕೊಂದು ಬಸ್ ಇದೆ ಅಂದುಕೊಳ್ಳಿ. ಮೊದಲ ಬಸ್ಸು ರೈಲ್ವೆ ಗೇಟಿನಲ್ಲಿ ಐದು ನಿಮಿಷ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮುಂದಿನ ಸ್ಟಾಪುಗಳಲ್ಲಿ ಜನ ಜಾಸ್ತಿ ಆದರು. ಅವರೆಲ್ಲ ಹತ್ತಲು ಹೊತ್ತು ಬೇಕು, ಟಿಕೆಟಿಗೆ ಹೊತ್ತು ಬೇಕು. ಬಸ್ಸು ಇನ್ನೂ ತಡವಾಯಿತು, ಜನ ಇನ್ನೂ ಜಾಸ್ತಿ ಆದರು. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ. ಅದು ಸರಾಗವಾಗಿ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಇದಕ್ಕೆ ಒಂದು ಮದ್ದು ಇದೆ. ನಡುದಾರಿಯಲ್ಲಿ ಹಿಂದಿನ ಬಸ್ಸನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬೇಕು. ನಿಲ್ಲಿಸಿದರೆ ಅದರಲ್ಲಿ ಕೂತವರು ಸುಮ್ಮನಿರುತ್ತಾರಾ? ನಾನೇ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಸೀಟಿನಲ್ಲಿ ಕೂತವರ ಮಾತು ಕೇಳಿಸುತ್ತದೆ, ಆಚೆ ಸ್ಟಾಪಿನಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಟಿಸಿ ಆದವನು ಆ ಕೇಳಿಸದ ಮಾತನ್ನೂ ಕೇಳಬೇಕು.

ಇನ್ನೊಂದು ದಾರಿ ಟ್ರಿಪ್ ಕಟ್ ಮಾಡುವುದು. ತಡವಾದ ಬಸ್ಸನ್ನು ಕೊನೆಯ ಊರಿನವರೆಗೆ ಕಳಿಸದೆ ನಡುವಿನಲ್ಲೇ ತಿರುಗಿಸಿದರೆ ಟೈಮು ಸರಿಹೋಗುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಹೊರವಲಯದ ರೂಟಿಗೆ ಪ್ರತಿ ಕಿಲೋಮೀಟರ್ ಗಳಿಕೆ ಯಾವಾಗಲೂ ಕಡಿಮೆ. ಬೆಳಗ್ಗೆ ಊರಿನ ಕಡೆ ಬರುವಾಗ ಕಾಲಿಡಲು ಜಾಗ ಇಲ್ಲ, ವಾಪಸ್ ಹೋಗುವಾಗ ಹತ್ತು ಜನ. ಸಂಜೆ ಉಲ್ಟಾ. ಮಧ್ಯಾಹ್ನ ಎರಡೂ ಕಡೆ ಖಾಲಿ. ಹಾಗಾಗಿ ಕಟ್ ಮಾಡಬೇಕು ಅಂದರೆ ಕತ್ತರಿ ಮೊದಲು ಬೀಳುವುದು ಕೊನೆಯ ಐದಾರು ಕಿಲೋಮೀಟರ್ ಮೇಲೆಯೇ. ಮಧ್ಯಾಹ್ನದ ಟ್ರಿಪ್ ನಾನೂ ಕಟ್ ಮಾಡಿದ್ದೇನೆ. ರಾತ್ರಿಯ ಕೊನೆ ಬಸ್ಸನ್ನು ಒಂದು ದಿನವೂ ಮಾಡಲಿಲ್ಲ. ಮಧ್ಯಾಹ್ನದ ಬಸ್ ತಪ್ಪಿದವನಿಗೆ ಇನ್ನೊಂದು ಬಸ್ ಇದೆ. ಕೊನೆ ಬಸ್ ತಪ್ಪಿದವನು ಐದು ಮೈಲಿ ಕತ್ತಲಲ್ಲಿ ನಡೆಯುತ್ತಾನೆ. ಗಾರ್ಮೆಂಟ್ಸ್‌ನಿಂದ ಲೇಟಾಗಿ ಬಿಟ್ಟ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಈಗ ಈ ಕೆಲಸದಲ್ಲಿರುವವರಿಗೆ ನಾನು ಕೈಮುಗಿದು ಕೇಳಿಕೊಳ್ಳುವುದು ಇದೊಂದನ್ನೇ. ಏನು ಬೇಕಾದರೂ ಕಟ್ ಮಾಡಿ, ಕೊನೆ ಬಸ್ ಮುಟ್ಟಬೇಡಿ.

ಡ್ಯೂಟಿ ಟೈಮಿನ ಬಗ್ಗೆ ಎರಡು ಮಾತು. ನಮ್ಮ ಕಾಲದಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಇರಬೇಕಿತ್ತು. ಆದರೆ ಬಸ್ಸಿನ ಜನ ಬೆಳಗ್ಗೆ ಮತ್ತು ಸಂಜೆ ಮಾತ್ರ ಇರುತ್ತಾರೆ ಅಲ್ವಾ? ಅದಕ್ಕೆ ಸ್ಪ್ಲಿಟ್ ಡ್ಯೂಟಿ. ಬೆಳಗ್ಗೆ ನಾಲ್ಕು ಗಂಟೆ, ಮಧ್ಯೆ ಬಿಡುವು, ಸಂಜೆ ನಾಲ್ಕು ಗಂಟೆ. ಕೆಲಸ ಎಂಟೇ ಗಂಟೆ, ಮನೆಯಿಂದ ಹೊರಗಿರುವುದು ಹನ್ನೆರಡು. ನನ್ನ ಮಕ್ಕಳು ಚಿಕ್ಕವರಿದ್ದಾಗ ನಾನು ಹೊರಡುವಾಗಲೂ ನಿದ್ದೆಯಲ್ಲಿರುತ್ತಿದ್ದರು, ಬರುವಾಗಲೂ ನಿದ್ದೆಯಲ್ಲಿರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಡಿಪೋದ ರೆಸ್ಟ್ ರೂಮಿನಲ್ಲಿ ಮಲಗಿ ಫ್ಯಾನ್ ನೋಡುತ್ತಿದ್ದೆ.

ಆಮೇಲೆ ಕೈಯಲ್ಲಿ ಹಿಡಿಯುವ ಟಿಕೆಟ್ ಮಷಿನ್ ಬಂತು. ಟ್ರೇ ಹೋಯಿತು, ಪಂಚ್ ಹೋಯಿತು, ವೇಬಿಲ್‌ನ ಕೂಡುವುದು ಕಳೆಯುವುದು ಹೋಯಿತು. ಒಳ್ಳೆಯದೇ ಆಯಿತು. ನಂಬರ್ ಬರೆಯುವಾಗ ಒಂದು ಅಂಕಿ ತಪ್ಪಿ ರಾತ್ರಿ ಹನ್ನೊಂದರವರೆಗೆ ಡಿಪೋದಲ್ಲಿ ಕೂತ ಕಂಡಕ್ಟರ್‌ಗಳನ್ನು ನಾನು ನೋಡಿದ್ದೇನೆ. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮಷಿನ್‌ಗೆ ಗೊತ್ತಿರುವುದು ಎಷ್ಟು ಟಿಕೆಟ್ ಹೋಯಿತು ಅನ್ನುವುದು ಮಾತ್ರ. ಯಾರಿಗೆ ಆಗಿಲ್ಲ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಿಂದಿನ ಮೂಲೆಯಲ್ಲಿ ಮುಷ್ಟಿ ಕಟ್ಟಿಕೊಂಡು ಕಾಯುತ್ತಿರುವವನು ಅದಕ್ಕೆ ಕಾಣುವುದಿಲ್ಲ.

ಅವತ್ತು ಆ ಬಸ್ಸಿನಲ್ಲಿ ನಾನು ಇದನ್ನೇ ನೋಡುತ್ತಾ ಕೂತಿದ್ದೆ. ಪ್ರಶ್ನೆ ಕೇಳಿದ ಹೆಂಗಸು ನನ್ನ ಹತ್ತಿರದ ಸೀಟಿನಲ್ಲೇ ಇದ್ದರು. ಎಣಿಕೆಯ ವಿಷಯ ಅವರಿಗೆ ಹೇಳಿದೆ. "ಹಂಗಾ? ಹಾಗಾದ್ರೆ ನಾನು ಟಿಕೆಟ್ ತಗೊಂಡಿಲ್ಲ ಅಂದ್ರೆ ನಾನು ಬಸ್ಸಲ್ಲೇ ಇಲ್ಲ ಅಂತ ಅರ್ಥ" ಅಂದರು. ಹೌದು ಅಂದೆ. ಕಿಟಕಿ ಅಂಚಿನಲ್ಲಿ ಸಿಕ್ಕಿಸಿದ್ದ ಚೀಟಿಯನ್ನು ತೆಗೆದು, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಆ ಹುಡುಗ ಹಿಂದಿನಿಂದ ವಾಪಸ್ ಬಂದ. ಸ್ಟೇಜ್ ಬರುವುದರಲ್ಲಿತ್ತು. ಮಷಿನ್ ನೋಡಲಿಲ್ಲ. ಕಂಬಕ್ಕೆ ಒರಗಿ ನಿಂತು ಹಿಂದಿನಿಂದ ಮುಂದಿನವರೆಗೆ ಒಂದೊಂದೇ ಮುಖ ನೋಡುತ್ತಾ ಬಂದ. ನನ್ನನ್ನು ನೋಡಿದ, ದಾಟಿದ. ನನ್ನ ಹಿಂದೆ ಕಿಟಕಿಗೆ ತಲೆ ಆನಿಸಿ ಮಲಗಿದ್ದ ಹುಡುಗನ ಹತ್ತಿರ ಕಣ್ಣು ನಿಂತಿತು. ಹೋಗಿ ಮೆಲ್ಲಗೆ ಹೆಗಲು ತಟ್ಟಿ, "ನಿಮ್ದು ಆಗಿಲ್ಲ ಅಲ್ವಾ?" ಅಂದ.